ಮಾಸ್ಟರ್ ಸಿಲಿಂಡರ್ ಬದಲಿಸಿದ ಮೇಲೆ ಬ್ರೇಕ್ ಪೈಪ್ ನಟ್ ಜಿನುಗುತ್ತಿದೆ: ಫ್ಲೇರ್ ತಪ್ಪೋ, ಥ್ರೆಡ್ ತಪ್ಪೋ?

ತೋಟದ_ಜೀಪು (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದಲ್ಲಿ ಅಪ್ಪನ ಕಾಲದ ಒಂದು ಸಿಜೆ-3ಬಿ ಜೀಪಿದೆ. ಬ್ರೇಕ್ ಒಂದೇ ಸರ್ಕ್ಯೂಟ್. ಎಲ್ಲಾದರೂ ಒಂದು ಪೈಪ್ ಹೋದರೆ ನಾಲ್ಕೂ ಚಕ್ರದ ಬ್ರೇಕ್ ಹೋದ ಹಾಗೆ. ಮೂಟೆ ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ ಇದೇ ಯೋಚನೆ. ಅದಕ್ಕೆ ಗುಜರಿಯಲ್ಲಿ ಸಿಕ್ಕ ಮಾರುತಿ ಜಿಪ್ಸಿಯ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಬ್ರೇಕ್ ಎಣ್ಣೆಯನ್ನು ಪೈಪಿಗೆ ಒತ್ತುವುದು) ತಂದು, ಒಳಗಿನ ರಬ್ಬರ್ ಕಿಟ್ ಬದಲಿಸಿ, ಬೂಸ್ಟರ್ ಸಮೇತ ಕೂರಿಸಿದೆ.

ಪೈಪ್ ಹೊಸದು ಎಳೆಯಲಿಲ್ಲ. ಎರಡು ವರ್ಷದ ಹಿಂದಷ್ಟೇ ಹಾಕಿಸಿದ್ದು, ಚೆನ್ನಾಗೇ ಇತ್ತು. ಅದರ ತುದಿಯನ್ನೇ ಸ್ವಲ್ಪ ಬಗ್ಗಿಸಿ ಹೊಸ ಸಿಲಿಂಡರಿಗೆ ಕೊಟ್ಟೆ. ಪೈಪ್ ತುದಿಯ ನಟ್ (ನಡುವೆ ಟೊಳ್ಳು, ಥ್ರೆಡ್ ಹೊರಗಡೆ) ಕೈಯಲ್ಲೇ ಪೂರ್ತಿ ಒಳಗೆ ಹೋಯಿತು, ಬೆಣ್ಣೆಗೆ ಕೈ ಇಟ್ಟ ಹಾಗೆ. ಆಮೇಲೆ ಸ್ಪ್ಯಾನರ್ ಹಾಕಿ ಬಿಗಿ ಮಾಡಿದೆ.

ಈಗ ಮುಂದಿನ ಚಕ್ರಗಳ ಲೈನಿನ ನಟ್ ಜಿನುಗುತ್ತಿದೆ. ರಾತ್ರಿ ಕೆಳಗೆ ರಟ್ಟು ಹಾಕಿಟ್ಟರೆ ಬೆಳಿಗ್ಗೆ ಒಂದು ರೂಪಾಯಿ ನಾಣ್ಯದಷ್ಟು ಕಲೆ. ಚಾಸಿಯ ಪೇಂಟ್ ಗುಳ್ಳೆ ಎದ್ದಿದೆ. ನಮ್ಮ ಮೆಕ್ಯಾನಿಕ್ ಅರ್ಧ ಸುತ್ತು ಬಿಗಿ ಮಾಡಿದರು, ಒಂದು ದಿನ ನಿಂತಿತು, ಮತ್ತೆ ಶುರು. ಇನ್ನೂ ಬಿಗಿ ಮಾಡಲಾ? ಅಥವಾ ಫ್ಲೇರ್, ಅಂದರೆ ಪೈಪಿನ ಅರಳಿಸಿದ ತುದಿ, ಕೆಟ್ಟಿದೆಯಾ?

ಕಿಟ್ಟಿ_ಗ್ಯಾರೇಜ್ (ತುಮಕೂರು)

ಟೆಫ್ಲಾನ್ ಟೇಪ್ ನಾಲ್ಕು ಸುತ್ತು ಸುತ್ತಿ ಹಾಕಿ ಅಣ್ಣ. ನಿಂತು ಹೋಗುತ್ತೆ. ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡಿ.

ಲೇತ್_ಮೇಷ್ಟ್ರು (ದಾವಣಗೆರೆ)

ಬೇಡ. ದಯವಿಟ್ಟು ಬೇಡ.

ಕಿಟ್ಟಿಯವರೇ, ಬೇಜಾರಾಗಬೇಡಿ. ಟೇಪ್ ಕೆಲಸ ಮಾಡುವುದು ಥ್ರೆಡ್ಡೇ ಸೀಲ್ ಆಗುವ ಕಡೆ, ಅಂದರೆ ನಲ್ಲಿ ಪೈಪಿನ ತರಹ ತುದಿಗೆ ಹೋದಂತೆ ಸಣ್ಣದಾಗುವ ಟೇಪರ್ ಥ್ರೆಡ್‌ನಲ್ಲಿ. ಬ್ರೇಕ್ ಪೈಪಿನಲ್ಲಿ ಥ್ರೆಡ್ ಸೀಲ್ ಆಗುವುದೇ ಇಲ್ಲ. ಪೈಪಿನ ಅರಳಿದ ತುದಿ, ಪೋರ್ಟಿನ (ನಟ್ ಕೂರುವ ತೂತಿನ) ತಳದ ಸೀಟು, ಈ ಎರಡು ಲೋಹ ಒಂದಕ್ಕೊಂದು ಒತ್ತಿಕೊಂಡಾಗ ಸೀಲ್ ಆಗುತ್ತೆ. ನಟ್ ಕೆಲಸ ಒತ್ತುವುದು ಅಷ್ಟೇ. ಟೇಪ್ ಹಾಕಿದರೆ ಸೋರಿಕೆ ಕಣ್ಣಿಗೆ ಕಾಣುವುದಿಲ್ಲ, ತೊಂದರೆ ಹಾಗೇ ಇರುತ್ತೆ. ಅದರ ಚೂರು ಒಳಗೆ ಹೋಗಿ ಸಣ್ಣ ರಂಧ್ರಕ್ಕೆ ಕೂತರೆ ಇನ್ನೊಂದು ಕಥೆ.

ತೋಟದವರೇ, ನೀವು ಬರೆದಿದ್ದರಲ್ಲಿ ನನಗೆ ಹೆದರಿಕೆ ಆಗಿದ್ದು "ಬೆಣ್ಣೆಗೆ ಕೈ ಇಟ್ಟ ಹಾಗೆ" ಅನ್ನುವ ಮಾತು. ಬ್ರೇಕ್ ನಟ್ ಕೈಯಲ್ಲಿ ಹೋಗಬೇಕು, ನಿಜ. ಆದರೆ ಅಲ್ಲಾಡುತ್ತಾ ಹೋಗಬಾರದು. ಜೀಪು ನಿಲ್ಲಿಸಿ. ನಟ್ ಬಿಚ್ಚಿ ಎರಡು ಕೆಲಸ ಮಾಡಿ. ಟಾರ್ಚ್ ಬಿಟ್ಟು ಪೋರ್ಟಿನ ತಳ ನೋಡಿ: ಒಂದು ಪುಟ್ಟ ಗುಡ್ಡ ಎದ್ದಿದೆಯಾ, ಅಥವಾ ಗುಳಿ ಇದೆಯಾ? ಆಮೇಲೆ ನಟ್ಟಿನ ಥ್ರೆಡ್ ಮೇಲೆ ವರ್ನಿಯರ್ ಇಟ್ಟು ಅಳತೆ ಹೇಳಿ.

ತೋಟದ_ಜೀಪು

ಮೇಷ್ಟ್ರೇ, ನೋಡಿದೆ. ತಳದಲ್ಲಿ ಗುಡ್ಡ ಇದೆ, ನಡುವೆ ತೂತು. ನಟ್ 9.45 ಮಿ.ಮೀ. ಬಂತು. ಮೂರು ಸಲ ಅಳೆದೆ. ನಟ್ಟಿನ ಥ್ರೆಡ್ ಸಂದಿಯಲ್ಲಿ ಬೆಳ್ಳಿ ಬಣ್ಣದ ಪುಡಿ ಅಂಟಿಕೊಂಡಿದೆ. ಬೆರಳಿಗೆ ಹತ್ತಿಸಿದರೆ ಹೊಳೆಯುತ್ತೆ.

ಲೇತ್_ಮೇಷ್ಟ್ರು

ಆ ಪುಡಿ ನಿಮ್ಮ ಮಾಸ್ಟರ್ ಸಿಲಿಂಡರಿನ ಅಲ್ಯೂಮಿನಿಯಂ. ಅರ್ಧ ಉತ್ತರ ಅಲ್ಲೇ ಇದೆ.

ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ಈ ಎಡವಟ್ಟು ನನ್ನ ಅಂಗಡಿಗೆ ವರ್ಷಕ್ಕೆ ನಾಲ್ಕೈದು ಸಲ ಬರುತ್ತೆ.

ನಿಮ್ಮ ಜೀಪು ಅಮೆರಿಕದ ವಿಲ್ಲಿಸ್ ವಂಶದ್ದು. ಲೆಕ್ಕ ಎಲ್ಲ ಇಂಚು. ನಿಮ್ಮ ನಟ್ 3/8-24, ಅಂದರೆ ಹೊರವ್ಯಾಸ 3/8 ಇಂಚು, ಒಂದು ಇಂಚಿಗೆ 24 ಹಲ್ಲು. 3/8 ಇಂಚು ಅಂದರೆ 9.525 ಮಿ.ಮೀ. ತಯಾರಿಯಲ್ಲಿ ಒಂದು ಕೂದಲು ಕಡಿಮೆ ಇಡುತ್ತಾರೆ, ಅದಕ್ಕೇ ನಿಮಗೆ 9.45 ಬಂತು. ಜಿಪ್ಸಿ ಸುಜುಕಿ, ಜಪಾನಿನದು. ಅದರ ಪೋರ್ಟ್ ಎಂ10×1.0. ಹತ್ತು ಮಿ.ಮೀ. ವ್ಯಾಸ, ಹಲ್ಲಿನಿಂದ ಹಲ್ಲಿಗೆ (ಅದೇ ಪಿಚ್) ಒಂದು ಮಿ.ಮೀ.

ಈಗ ಮೋಸ ನೋಡಿ. 24 ಹಲ್ಲಿನ ಇಂಚಿನ ಥ್ರೆಡ್ಡಿನ ಪಿಚ್ 1.058 ಮಿ.ಮೀ. ಇದಕ್ಕೂ 1.0ಕ್ಕೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ವ್ಯಾಸದಲ್ಲಿ ಅರ್ಧ ಮಿ.ಮೀ. ಸಣ್ಣದು. ಹಾಗಾಗಿ ಇಂಚಿನ ನಟ್ ಮೆಟ್ರಿಕ್ ಪೋರ್ಟಿಗೆ ಸಲೀಸಾಗಿ ಹೋಗುತ್ತೆ. ಆದರೆ ಹಲ್ಲು ಕಚ್ಚುವುದು ಅರ್ಧದಷ್ಟು ಮಾತ್ರ. ನೀವು ಬಿಗಿ ಮಾಡಿದ ಹಾಗೆಲ್ಲ ಉಕ್ಕಿನ ನಟ್ ಅಲ್ಯೂಮಿನಿಯಂ ಹಲ್ಲಿನ ತುದಿ ಕೆರೆಯುತ್ತಾ ಹೋಗಿದೆ. ನಿಮ್ಮ ಮೆಕ್ಯಾನಿಕ್ ಆ ಅರ್ಧ ಸುತ್ತು ಕೊಟ್ಟಾಗ ಬಿಗಿಯಾಗಿದ್ದು ನಟ್ ಅಲ್ಲ, ಹಲ್ಲು ಬಗ್ಗಿದ್ದು.

ಉಲ್ಟಾ ಆಗಿದ್ದರೆ ಚೆನ್ನಾಗಿತ್ತು. ಎಂ10 ನಟ್ಟನ್ನು ಇಂಚಿನ ಪೋರ್ಟಿಗೆ ಹಾಕಿದರೆ ಶುರುವಿನಲ್ಲೇ ಹಿಡಿದುಕೊಳ್ಳುತ್ತೆ, ತಪ್ಪು ಅಲ್ಲೇ ಗೊತ್ತಾಗುತ್ತೆ.

ಇನ್ನು ನಿಮ್ಮ ಫ್ಲೇರ್ ಸರಿಯಾಗೇ ಇದೆ. ಗುಡ್ಡ ಇರುವ ಪೋರ್ಟಿಗೆ 45 ಡಿಗ್ರಿಯ ಡಬಲ್ ಫ್ಲೇರ್ ಬೇಕು, ತುತ್ತೂರಿಯ ಬಾಯಿಯ ಹಾಗೆ ಅರಳಿ ತುದಿ ಒಳಕ್ಕೆ ಮಡಚಿರುವುದು. ಅಮೆರಿಕದವರೂ ಅದೇ ಹಾಕುತ್ತಾರೆ, ಜಪಾನಿನವರೂ ಅದೇ. ಪೈಪೂ ಒಂದೇ: 3/16 ಇಂಚು ಅಂದರೆ 4.76, ಮೆಟ್ರಿಕ್‌ನಲ್ಲಿ 4.75. ಬೇರೆ ಇರುವುದು ಆ ನಟ್ ಒಂದೇ.

ಕಿಟ್ಟಿ_ಗ್ಯಾರೇಜ್

ಸರ್, ನಾನು 22 ವರ್ಷದಿಂದ ಗ್ಯಾರೇಜ್ ನಡೆಸ್ತಾ ಇದ್ದೀನಿ. ವರ್ನಿಯರ್ ಹಿಡಿದು ಕೆಲಸ ಮಾಡಿದವನಲ್ಲ. ನಟ್ ಕೈಗೆ ಸಿಕ್ಕರೆ ಸಾಕು, ಯಾವುದು ಅಂತ ಗೊತ್ತಾಗುತ್ತೆ.

ಲೇತ್_ಮೇಷ್ಟ್ರು

ಒಪ್ಪುತ್ತೇನೆ, ಕೈಗೆ ಗೊತ್ತಾಗುತ್ತೆ. ಆದರೆ ಕೈ ಒಂದೇ ಪ್ರಶ್ನೆ ಕೇಳುತ್ತೆ: ಹೋಗುತ್ತಾ, ಇಲ್ವಾ? ಇಲ್ಲಿ ತಪ್ಪು ನಟ್ಟೇ ಸರಿಯಾದ ನಟ್ಟಿಗಿಂತ ಸುಲಭವಾಗಿ ಹೋಗುತ್ತೆ. ಅಲ್ಲಿ ಕೈ ಸೋಲುತ್ತೆ ಕಿಟ್ಟಿಯವರೇ. ನನ್ನದೂ ಸೋತಿದೆ, ಅದಕ್ಕೇ ಹೇಳಿದೆ.

ಪ್ಲಗ್_ಪುಟ್ಟ (ಮೈಸೂರು)

ವರ್ನಿಯರ್ ಇಲ್ಲದವರಿಗೆ ಒಂದು ಉಪಾಯ. ನೂರು, ನೂರಿಪ್ಪತ್ತೈದು ಸಿಸಿ ಬೈಕುಗಳಲ್ಲಿ ಬರುವ ಸಣ್ಣ ಸ್ಪಾರ್ಕ್ ಪ್ಲಗ್ ಇದೆಯಲ್ಲ, 10 ಎಂಎಂದು, ಅದರ ಥ್ರೆಡ್ ಎಂ10×1.0. ಹಳೇ ಪ್ಲಗ್ ಒಂದು ತೊಳೆದು ಇಟ್ಟುಕೊಳ್ಳಿ. ಅನುಮಾನ ಬಂದ ನಟ್ಟನ್ನು ಅದರ ಥ್ರೆಡ್ಡಿಗೆ ಪಕ್ಕದಿಂದ ಒತ್ತಿ ಹಿಡಿದು ಬಿಸಿಲಿಗೆ ನೋಡಿ. ಹಲ್ಲಿಗೆ ಹಲ್ಲು ಕೂತು ಬೆಳಕು ತೂರದಿದ್ದರೆ ಮೆಟ್ರಿಕ್. ಒಂದು ತುದಿಯಲ್ಲಿ ಕೂತು ಇನ್ನೊಂದು ತುದಿಯಲ್ಲಿ ಸಂದಿ ಬಿಟ್ಟರೆ ಇಂಚು. ಏಳೆಂಟು ಹಲ್ಲು ಇದ್ದರೆ ಚೆನ್ನಾಗಿ ಗೊತ್ತಾಗುತ್ತೆ, ಮೂರು ಹಲ್ಲು ನೋಡಿ ತೀರ್ಮಾನ ಮಾಡಬೇಡಿ. 14 ಎಂಎಂ ಪ್ಲಗ್ ತಗೋಬೇಡಿ ಮತ್ತೆ, ಅದರ ಪಿಚ್ 1.25.

ತೋಟದ_ಜೀಪು

ಪುಟ್ಟ, ಈಗಷ್ಟೇ ಮಾಡಿದೆ ಮಾರಾಯ. ನಮ್ಮ ತೋಟದ ರೈಟರ್ (ಲೆಕ್ಕ ಬರೆಯುವವರು) ಅವರ ಬೈಕಿನ ಹಳೇ ಪ್ಲಗ್ ಸಿಕ್ಕಿತು. ಮೊದಲ ಮೂರು ಹಲ್ಲು ಸರಿಯಾಗೇ ಕೂತಿತು, ಆರನೆಯದರ ಹೊತ್ತಿಗೆ ಹಲ್ಲಿನ ಮೇಲೆ ಹಲ್ಲು ಹತ್ತಿದೆ. ಮೇಷ್ಟ್ರು ಹೇಳಿದ್ದೇ ಸರಿ.

ಈಗ ಏನು ಮಾಡಲಿ? 3/8-24ರಿಂದ ಎಂ10ಕ್ಕೆ ಅಡಾಪ್ಟರ್ ಸಿಗುತ್ತಂತೆ.

ಲೇತ್_ಮೇಷ್ಟ್ರು

ಸಿಗುತ್ತೆ. ಆದರೆ ಪ್ರತಿ ಅಡಾಪ್ಟರ್ ಅಂದರೆ ಇನ್ನೊಂದು ಜಾಯಿಂಟ್. ಪೈಪ್ ಅಳತೆ ಒಂದೇ ಇರುವಾಗ ಅದು ಯಾಕೆ? ತುದಿ ಕತ್ತರಿಸಿ, ಎಂ10 ನಟ್ ತೂರಿಸಿ, ಹೊಸ ಫ್ಲೇರ್ ಹೊಡೆಯಿರಿ. ಸಿಲಿಂಡರನ್ನಂತೂ ಬದಲಿಸಲೇಬೇಕು. ಆ ಪೋರ್ಟಿನ ಹಲ್ಲು ತಿಂದು ಹೋಗಿದೆ. ಅದಕ್ಕೆ ಸರಿಯಾದ ನಟ್ ಹಾಕಿದರೂ ನನಗೆ ನಂಬಿಕೆ ಇಲ್ಲ. ತಿಂದು ಹೋದ ಹಲ್ಲಿನ ಜಾಗಕ್ಕೆ ಸ್ಪ್ರಿಂಗ್ ಥ್ರೆಡ್ ಕೂರಿಸಿಕೊಡಿ ಅಂತ ಕೇಳಿಕೊಂಡು ಬರುತ್ತಾರೆ, ಬ್ರೇಕಿಗೆ ನಾನು ಮಾಡುವುದಿಲ್ಲ.

ಲಾರಿ_ಬಸ್ಯಾ (ಹುಬ್ಬಳ್ಳಿ)

ನನ್ನದೊಂದು ಪ್ರಶ್ನೆ ಐತ್ರಿ. ನಮ್ಮ ಲಾರಿ ಬ್ರೇಕ್ ಲೈನ್‌ನಾಗ ಫ್ಲೇರೇ ಇಲ್ಲ. ನೈಲಾನ್ ಪೈಪಿಗೆ ಒಂದು ಆಲಿವ್ ಉಂಗುರ (ನಟ್ ಬಿಗಿ ಮಾಡಿದ್ರ ಪೈಪಿಗೆ ಕಚ್ಚಿಕೊಳ್ಳೋದು), ಮ್ಯಾಲೆ ನಟ್. ಮುಗೀತು. 20 ಟನ್ ಎಳೆಯೋ ಗಾಡಿಗೆ ಅದು ಸಾಕಾದ್ರ, ಈ ಜೀಪಿಗೆ ಯಾಕ ಸಾಲಂಗಿಲ್ಲ? ಅಷ್ಟು ಸರ್ಕಸ್ ಯಾಕ?

ಲೇತ್_ಮೇಷ್ಟ್ರು

ಬಸಣ್ಣ, ಪ್ರಶ್ನೆ ಚೆನ್ನಾಗಿದೆ. ನಿಮ್ಮ ಲಾರಿಯದು ಗಾಳಿ. ಟ್ಯಾಂಕಿನಲ್ಲಿ 8 ಬಾರ್ ಆಸುಪಾಸು. ಜೀಪಿನದು ಎಣ್ಣೆ, ಪೆಡಲ್ ಜೋರಾಗಿ ತುಳಿದರೆ 70 ಬಾರ್ ದಾಟುತ್ತೆ. ಗಾಡಿ ದೊಡ್ಡದು ಅಂತ ಪೈಪಿನ ಒತ್ತಡ ದೊಡ್ಡದಿರಬೇಕು ಅಂತಿಲ್ಲ. ನಿಮ್ಮಲ್ಲಿ ಗಾಳಿ ತಳ್ಳುವ ದೊಡ್ಡ ರಬ್ಬರ್ ಡಯಾಫ್ರಾಮ್ ಇದೆ, ಕಡಿಮೆ ಒತ್ತಡದಲ್ಲೇ ಜಾಸ್ತಿ ಬಲ ಸಿಗುತ್ತೆ. ಜೊತೆಗೆ ನಿಮ್ಮಲ್ಲಿ ಸ್ವಲ್ಪ ಗಾಳಿ ಸೋರಿದರೆ ಕಂಪ್ರೆಸರ್ ತುಂಬಿಸುತ್ತೆ. ಜೀಪಿನಲ್ಲಿ ಇರುವುದೇ ಒಂದು ಡಬ್ಬಿ ಎಣ್ಣೆ. ಬ್ರೇಕ್ ಎಣ್ಣೆ ಲೈನಿಗೆ ಆಲಿವ್ ಜಾಯಿಂಟ್ ಯಾರೇ ಹೇಳಿದರೂ ಹಾಕಬೇಡಿ.

ಲಾರಿ_ಬಸ್ಯಾ

ಹಂಗಾದ್ರ ಸರಿ ಬಿಡ್ರಿ. ಬಿಡಿಸಿ ಹೇಳಿದ್ರಿ.

ಕಡಲ_ಕಾರು (ಮಂಗಳೂರು)

ನನ್ನದು ಯುರೋಪಿನ ಕಾರು. ಹಿಂದಿನ ಬ್ರೇಕ್ ಪೈಪ್ ತುಕ್ಕು ಹಿಡಿದಿತ್ತು, ನಮ್ಮ ಉಪ್ಪು ಗಾಳಿ ಗೊತ್ತಲ್ಲ. ಬಿಚ್ಚಿದರೆ ತುದಿ ತುತ್ತೂರಿ ಹಾಗೆ ಇಲ್ಲ, ಅಣಬೆ ಮೊಗ್ಗಿನ ಹಾಗೆ ಗುಂಡಗಿದೆ. ನಟ್ ಅಳತೆ ಎಂ10×1.0, ಅದೇ. ಹೊಸ ಪೈಪಿಗೆ ಡಬಲ್ ಫ್ಲೇರ್ ಹೊಡೆಸಿ ಹಾಕಿದರೆ ನಡೆಯುತ್ತಾ?

ಲೇತ್_ಮೇಷ್ಟ್ರು

ನಡೆಯುವುದಿಲ್ಲ. ಅದು ಬಬಲ್ ಫ್ಲೇರ್. ನಿಮ್ಮ ಪೋರ್ಟಿನ ತಳದಲ್ಲಿ ಗುಡ್ಡ ಇರುವುದಿಲ್ಲ, ಗುಳಿ ಇರುತ್ತೆ. ಗುಂಡಗಿನ ಮೂತಿ ಆ ಗುಳಿಗೆ ಕೂರಬೇಕು. ತುತ್ತೂರಿಯನ್ನು ಗುಳಿಗೆ ಒತ್ತಿದರೆ ಅಂಚು ಮಾತ್ರ ತಾಗುತ್ತೆ.

ನಟ್ಟೂ ಬೇರೆ. ಅಳತೆ ಒಂದೇ ಆದರೂ ಮೂತಿ ನೋಡಿ. ಬಬಲ್‌ದರ ನಟ್ ತುದಿ ಚಪ್ಪಟೆ, ಕೊನೆಯಲ್ಲಿ ಒಂದಷ್ಟು ಜಾಗ ಥ್ರೆಡ್ ಇಲ್ಲದೆ ನುಣ್ಣಗಿರುತ್ತೆ. ಡಬಲ್ ಫ್ಲೇರ್ ನಟ್ಟಿನ ತುದಿ ಒಳಕ್ಕೆ ಇಳಿಜಾರು. ಇವೆರಡು ಒಂದೇ ಡಬ್ಬದಲ್ಲಿ ಹಾಕಿ ಮಾರುವ ಅಂಗಡಿಗಳಿವೆ, ಡಬ್ಬದ ಮೇಲಿನ ಹೆಸರು ನಂಬಬೇಡಿ.

ಇನ್ನೊಂದು. ಡಬಲ್ ಫ್ಲೇರ್ ಎರಡು ಹಂತದ ಕೆಲಸ, ಮೊದಲ ಹಂತ ಮುಗಿದಾಗ ತುದಿ ಬಬಲ್ ಹಾಗೇ ಕಾಣುತ್ತೆ. ಅಲ್ಲಿಗೆ ನಿಲ್ಲಿಸಿ "ಬಬಲ್ ಆಯ್ತು ತಗೊಳ್ಳಿ" ಅಂತ ಕೊಡುವವರಿದ್ದಾರೆ. ಎರಡರ ಕೋನ ಬೇರೆ ಬೇರೆ. ಬಬಲ್‌ಗೆ ಅದರದ್ದೇ ಅಚ್ಚು ಇರುವ ಟೂಲ್ ಬೇಕು.

ಫ್ರಿಜ್_ರಿಪೇರಿ (ಶಿವಮೊಗ್ಗ)

ನಾನು ಏಸಿ ಕೆಲಸದವನು. ನನ್ನ ಹತ್ತಿರ ಫ್ಲೇರಿಂಗ್ ಟೂಲ್ ಇದೆ ಅಂತ ಗ್ಯಾರೇಜಿನವರು ಬ್ರೇಕ್ ಪೈಪ್ ಹಿಡಿದುಕೊಂಡು ಬರುತ್ತಾರೆ. ಹೊಡೆದು ಕೊಡಬಹುದಾ?

ಲೇತ್_ಮೇಷ್ಟ್ರು

ನಿಮ್ಮದು 45 ಡಿಗ್ರಿಯೇ, ಆದರೆ ಸಿಂಗಲ್ ಫ್ಲೇರ್. ಏಸಿಯ ಮೆತ್ತನೆ ತಾಮ್ರಕ್ಕೆ ಮಾಡಿದ್ದು. ಬ್ರೇಕಿನ ಉಕ್ಕಿನ ಪೈಪನ್ನು ಅದರಲ್ಲಿ ಅರಳಿಸಿದರೆ ಅಂಚಿನಲ್ಲಿ ಕೂದಲೆಳೆ ಬಿರುಕು ಬರುತ್ತೆ. ಬ್ರೇಕಿಗೆ ಮಡಚಿದ ಎರಡು ಪದರ ಬೇಕೇ ಬೇಕು. ಕೊಡಬೇಡಿ.

ಪ್ಲಗ್_ಪುಟ್ಟ

ಮೇಷ್ಟ್ರೇ, ತಾಮ್ರದ ಪೈಪನ್ನೇ ಬ್ರೇಕಿಗೆ ಹಾಕಿದರೆ? ನಮ್ಮ ಕಡೆ ಒಬ್ಬರು ಹಾಕಿದ್ದಾರೆ. ಕೆರೆದು ನೋಡಿದೆ, ತಾಮ್ರದ ಬಣ್ಣವೇ ಇದೆ.

ಲೇತ್_ಮೇಷ್ಟ್ರು

ಅಯಸ್ಕಾಂತ ಹಿಡಿದು ನೋಡು. ಅಂಟಿಕೊಂಡರೆ ಅದು ಬಂಡಿ ಪೈಪ್. ತಾಮ್ರ ಲೇಪಿಸಿದ ಉಕ್ಕಿನ ಪಟ್ಟಿಯನ್ನು ಎರಡು ಸುತ್ತು ಸುತ್ತಿ ಕುಲುಮೆಯಲ್ಲಿ ಬೆಸೆದದ್ದು, ಕೆರೆದರೆ ತಾಮ್ರ ಕಾಣುತ್ತೆ. (ಹೆಸರು ಇಂಗ್ಲಿಷಿನ ಬಂಡಿ, ನಮ್ಮ ಬಂಡಿ ಅಲ್ಲ. ಆದರೂ ಬಂಡಿಗೆ ಹಾಕುವುದು ಬಂಡಿ ಪೈಪ್ ಅಂದರೆ ಕೇಳೋಕೆ ಚೆನ್ನಾಗಿದೆ.) ಅಂಟದಿದ್ದರೆ, ಬಣ್ಣ ಕೆಂಪಗೇ ಇದ್ದರೆ, ಅಪ್ಪಟ ತಾಮ್ರ, ತೆಗೆಸು. ಗಾಡಿಯ ನಡುಕಕ್ಕೆ ತಾಮ್ರ ಗಡುಸಾಗಿ ಒಂದು ದಿನ ಸೀಳುತ್ತೆ. ತಾಮ್ರಕ್ಕೆ ನಿಕ್ಕೆಲ್ ಸೇರಿಸಿದ ಪೈಪ್ ಬೇರೆ, ಅದು ಒಳ್ಳೆಯದು. ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಗ್ಗುತ್ತೆ. ಮಂಗಳೂರಿನವರು ಅದನ್ನೇ ಹುಡುಕಿ.

ಡೆಟ್ರಾಯಿಟ್_ರಾಯ

ಊರಿನ ಜೀಪಿನ ಮಾತು ಕೇಳಿ ಇಲ್ಲಿಂದ ಬರೆಯುತ್ತಿದ್ದೇನೆ. ಅರ್ಧ ಮಿ.ಮೀ. ಮೋಸ ಬ್ರೇಕಿನಲ್ಲಷ್ಟೇ ಅಲ್ಲ. ಆಯಿಲ್ ಪ್ರೆಷರ್ ಮೀಟರ್ ಹಾಕುವಾಗಲೂ ಇದೇ ಗೋಳು. ಅಮೆರಿಕದ ಸೆನ್ಸರ್ 1/8 ಎನ್‌ಪಿಟಿ (ಅಮೆರಿಕದ ಟೇಪರ್ ಪೈಪ್ ಥ್ರೆಡ್), ಇಂಚಿಗೆ 27 ಹಲ್ಲು, ಹಲ್ಲಿನ ಕೋನ 60 ಡಿಗ್ರಿ. ಜಪಾನಿ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 1/8 ಬಿಎಸ್‌ಪಿಟಿ (ಬ್ರಿಟಿಷ್ ಟೇಪರ್ ಪೈಪ್ ಥ್ರೆಡ್), 28 ಹಲ್ಲು, 55 ಡಿಗ್ರಿ. ಮೊದಲ ಎರಡು ಮೂರು ಸುತ್ತು ಚೆನ್ನಾಗೇ ಹೋಗುತ್ತೆ, ಆಮೇಲೆ ಬಿಗಿ. ಟೇಪರ್ ಅಲ್ವಾ, ಬಿಗಿಯಾಗಿದ್ದು ಸಹಜ ಅಂದುಕೊಳ್ಳುತ್ತೀರಿ. ಎರಡು ದಿನಕ್ಕೆ ಎಣ್ಣೆ ಜಿನುಗುತ್ತೆ. ಜೋರು ಮಾಡಿದರೆ ಅಲ್ಯೂಮಿನಿಯಂ ಹೌಸಿಂಗ್ ಸೀಳುತ್ತೆ.

ಪೈಪ್ ಥ್ರೆಡ್ಡಿನ ಹೆಸರಿಗೂ ಅಳತೆಗೂ ಸಂಬಂಧವೇ ಇಲ್ಲ ಅನ್ನುವುದು ಹೊಸಬರಿಗೆ ತಲೆಗೆ ಹೋಗುವುದಿಲ್ಲ. 1/8 ಬಿಎಸ್‌ಪಿ ಅಂದರೆ ಹೊರಗೆ ಸುಮಾರು 9.7 ಮಿ.ಮೀ. ಮನೆಯ ಅರ್ಧ ಇಂಚಿನ ನಲ್ಲಿ ಥ್ರೆಡ್ ಅಳೆದು ನೋಡಿ, 21 ಹತ್ತಿರ ಬರುತ್ತೆ. ಹಳೇ ಕಾಲದ ಕಬ್ಬಿಣದ ಪೈಪಿನ ಒಳತೂತಿನ ಹೆಸರು ಅದು.

ಪ್ಲಗ್_ಪುಟ್ಟ

ಅಂದರೆ 9.5, 9.7, 10. ಮೂರೂ ಒಂದೇ ಡಬ್ಬದಲ್ಲಿ ಬಿದ್ದಿದ್ದರೆ ದೇವರೇ ಗತಿ.

ಡೆಟ್ರಾಯಿಟ್_ರಾಯ

ಇನ್ನೂ ಒಂದಿದೆ ಕೇಳು. ರೇಸಿಂಗ್ ಹುಚ್ಚಿನವರು ಹಾಕುವ ನೀಲಿ-ಕೆಂಪು ಎಎನ್ ಫಿಟ್ಟಿಂಗ್ ಇದೆಯಲ್ಲ, ಅದು ಎರಡನೇ ಮಹಾಯುದ್ಧದ ಹೊತ್ತಿನ ಅಮೆರಿಕದ ಸೇನೆ-ನೌಕಾಪಡೆಯ ಅಳತೆ, ಫ್ಲೇರಿನ ಕೋನ 37 ಡಿಗ್ರಿ. ಹೈಡ್ರಾಲಿಕ್ ಹೋಸ್ ಅಂಗಡಿಯಲ್ಲಿ ಸಿಗುವ ಜೆಐಸಿ ಕೂಡ 37. ಇಲ್ಲಿ ಥ್ರೆಡ್ ಸರಿ ಇದ್ದು ಕೋನ ತಪ್ಪುತ್ತೆ. 1/4 ಇಂಚಿನ ಪೈಪಿಗೆ 37 ಡಿಗ್ರಿಯದಕ್ಕೂ 7/16-20, ಏಸಿಯವರ 45 ಡಿಗ್ರಿಯದಕ್ಕೂ 7/16-20. ನಟ್ ಅಷ್ಟು ಚೆನ್ನಾಗಿ ಕೂರುತ್ತೆ, ಸೀಟು ಮಾತ್ರ ಒಂದು ಗೆರೆಯಷ್ಟೇ ತಾಗುತ್ತೆ. ಪೆಟ್ರೋಲ್ ಲೈನಿನಲ್ಲಿ ಇದಾದರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ.

ಕಿಟ್ಟಿ_ಗ್ಯಾರೇಜ್

ಮೇಷ್ಟ್ರೇ, ಒಂದು ಕೇಳಬೇಕಿತ್ತು. ನಿನ್ನೆ ಒಂದು ಬೈಕಿನ ಡಿಸ್ಕ್ ಬ್ರೇಕ್ ಕ್ಯಾಲಿಪರ್‌ಗೆ ಎಣ್ಣೆ ಹೋಸ್ ಹಿಡಿಸುವ ಬ್ಯಾಂಜೋ ಬೋಲ್ಟ್ ಹಾಳಾಯ್ತು ಅಂತ ಬೇರೆ ಬೈಕಿಂದು ಹಾಕೋಕೆ ಹೋದೆ. ಎರಡು ಸುತ್ತಿಗೆ ಹಿಡಿದುಕೊಳ್ತು. ಮೊದಲಾಗಿದ್ದರೆ ಪಾನಾ ಹಾಕಿ ತಿರುಗಿಸಿಬಿಡ್ತಿದ್ದೆ. ಈ ಚರ್ಚೆ ಓದಿದ್ದೆನಲ್ಲ, ನಿಲ್ಲಿಸಿದೆ.

ಲೇತ್_ಮೇಷ್ಟ್ರು

ಒಳ್ಳೇ ಕೆಲಸ ಮಾಡಿದಿರಿ. ಜಪಾನಿ ಕ್ಯಾಲಿಪರ್‌ಗಳಲ್ಲಿ ಸಾಮಾನ್ಯವಾಗಿ ಎಂ10×1.25, ಯುರೋಪಿನವುಗಳಲ್ಲಿ ಎಂ10×1.0. ವರ್ನಿಯರ್‌ನಲ್ಲೂ ಎರಡೂ ಹತ್ತೇ. ಇಲ್ಲಿ ಪುಟ್ಟನ ಪ್ಲಗ್ಗೇ ಗತಿ. ಬೋಲ್ಟಿನ ಎರಡೂ ಕಡೆ ತಾಮ್ರದ ವಾಷರ್ ಹೊಸದು ಹಾಕಿ, ಹಳೇದು ಒಂದು ಸಲ ಒತ್ತಿ ಗಟ್ಟಿಯಾಗಿರುತ್ತೆ.

ತೋಟದ_ಜೀಪು

ಹನ್ನೆರಡು ದಿನ ಆಯಿತು, ವರದಿ ಒಪ್ಪಿಸುತ್ತೇನೆ.

ಬೇರೆ ಸಿಲಿಂಡರ್ ತಂದೆ, ಹೊಸದು. ಹಳೇದರ ಪೋರ್ಟ್ ಬಾಯಿಗೆ ಟಾರ್ಚ್ ಬಿಟ್ಟಾಗ ಮೊದಲ ನಾಲ್ಕು ಹಲ್ಲು ಸವೆದ ಮೆಟ್ಟಿಲಿನ ಹಾಗೆ ಕಂಡಿತು. ಹತ್ತು ನಟ್, ಎರಡು ಮೀಟರ್ ಬಂಡಿ ಪೈಪ್ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದೆ. ಡಬಲ್ ಫ್ಲೇರ್ ಟೂಲ್ ಸ್ನೇಹಿತರಿಂದ ಎರವಲು.

ಮೊದಲ ನಾಲ್ಕು ಫ್ಲೇರ್ ಎಸೆದೆ. ಒಂದನೆಯದು ಓರೆ: ಕತ್ತರಿಸಿದ ತುದಿಯನ್ನು ಅರದಿಂದ ಸಮ ಮಾಡಿರಲಿಲ್ಲ. ಎರಡನೆಯದು ಬಿರುಕು: ಒಳಗಿನ ಸಿಬಿರು ತೆಗೆದಿರಲಿಲ್ಲ. ಮೂರನೆಯದರಲ್ಲಿ ಪೈಪ್ ಅಚ್ಚಿನ ಮೆಟ್ಟಿಲಿಗಿಂತ ಜಾಸ್ತಿ ಹೊರಗೆ ಬಿಟ್ಟಿದ್ದೆ. ನಾಲ್ಕನೆಯದು ತುಂಬಾ ಚೆನ್ನಾಗಿ ಬಂತು, ಫೋಟೋ ತೆಗೆದು ಹೆಂಡತಿಗೆ ತೋರಿಸಿದೆ. ಅವಳು "ನಟ್ ಎಲ್ಲಿ?" ಅಂದಳು. ನಟ್ ತೂರಿಸೋದೇ ಮರೆತಿದ್ದೆ.

ಐದನೆಯದರಿಂದ ಕೈ ಕುದುರಿತು. ತುದಿಗೆ ಒಂದು ಹನಿ ಬ್ರೇಕ್ ಎಣ್ಣೆ ಹಚ್ಚಿದರೆ ಅಚ್ಚು ಸಲೀಸಾಗಿ ಕೂರುತ್ತೆ. ಬಿಗಿ ಮಾಡಿದ್ದು 15 ನ್ಯೂಟನ್ ಮೀಟರ್ ಆಸುಪಾಸು, ಫ್ಲೇರ್ ನಟ್ ಸ್ಪ್ಯಾನರಿನಲ್ಲಿ. ಮಾಮೂಲಿ ಸ್ಪ್ಯಾನರ್ ಹಾಕಿ ಹಳೇ ನಟ್ಟಿನ ಮೂಲೆ ಆಗಲೇ ಉರುಟು ಮಾಡಿದ್ದೆ.

ಏರ್ ತೆಗೆದು, ಒಂದೊಂದು ನಟ್ಟಿಗೂ ಟಿಶ್ಯೂ ಪೇಪರ್ ಸುತ್ತಿ, ಎಂಜಿನ್ ಚಾಲೂ ಮಾಡಿ ರೈಟರ್ ಕೈಲಿ ಎರಡು ನಿಮಿಷ ಪೆಡಲ್ ತುಳಿಸಿಟ್ಟೆ. ಪೇಪರ್ ಎಲ್ಲ ಒಣಗೇ ಇತ್ತು. ರಾತ್ರಿ ರಟ್ಟು ಹಾಕಿದೆ, ಬೆಳಿಗ್ಗೆ ರಟ್ಟಿನ ಮೇಲೆ ಬೆಕ್ಕು ಮಲಗಿತ್ತು.

ಲೇತ್_ಮೇಷ್ಟ್ರು

ಶಭಾಷ್. ಹಿಂದಿನ ಲೈನಿನ ನಟ್ ಯಾವುದು ಹಾಕಿದ್ದೀರಿ? ಅದೂ ಹಳೇ ಪೈಪೇ ಅಲ್ವಾ?

ತೋಟದ_ಜೀಪು

ಅಯ್ಯೋ ಅದನ್ನೂ ಬದಲಿಸಿದೆ ಮೇಷ್ಟ್ರೇ. ಅದು ಜಿನುಗುತ್ತಾ ಇರಲಿಲ್ಲ, ಆದರೆ ಬಿಚ್ಚಿ ಅಳೆದರೆ ಅದೂ 9.45.